ಪಾಠವನ್ನೂ ಮಾಡುವ ಸಂಶೋಧನಾ ವಿದ್ಯಾರ್ಥಿಗೆ ಎಷ್ಟು ಸ್ವಾತಂತ್ರ್ಯ?

ಪ್ರಶ್ನೆ: ನಾನು ಕಾಸರಗೋಡು ಜಿಲ್ಲೆಯ ಎಣ್ಮಕಜೆ ಕಡೆಯವಳು. ಕೇರಳದ ವಿಶ್ವವಿದ್ಯಾಲಯವೊಂದರಲ್ಲಿ ಸಮಾಜಶಾಸ್ತ್ರದಲ್ಲಿ ಪಿಎಚ್.ಡಿ. ಮಾಡುತ್ತಿದ್ದೇನೆ. ಜೆ.ಆರ್.ಎಫ್. (ಕಿರಿಯ ಸಂಶೋಧನಾ ಫೆಲೋಶಿಪ್) ಇದೆ, ಎರಡನೇ ವರ್ಷ ಮುಗಿಯುತ್ತಾ ಬಂತು. ವಾರಕ್ಕೆ ಐದು ಗಂಟೆ ಎಂ.ಎ. ಮಕ್ಕಳಿಗೆ ಸಂಶೋಧನಾ ವಿಧಾನದ ಟ್ಯುಟೋರಿಯಲ್ ತೆಗೆದುಕೊಳ್ಳುತ್ತೇನೆ. ಒಂದು ದಿನ ಎಂಡೋಸಲ್ಫಾನ್ ಕೀಟನಾಶಕದ ಬಗ್ಗೆ ಎರಡು ಲೇಖನ ಓದಿಸಿ ಚರ್ಚೆ ಮಾಡಿಸಿದೆ. ಒಂದು, ಹಾನಿಯಾಗಿದೆ ಎಂದು ತೋರಿಸಿದ ಅಧ್ಯಯನ. ಇನ್ನೊಂದು, ಅಂಥ ಅಧ್ಯಯನಗಳನ್ನು ಪ್ರಶ್ನಿಸಿದ ವಿಮರ್ಶೆ. ಸಂತ್ರಸ್ತರಿಗೆ ಅವಮಾನ ಮಾಡಿದ್ದೇನೆಂದು ಯಾರೋ ದೂರು ಕೊಟ್ಟಿದ್ದಾರಂತೆ. ದೂರನ್ನು ನನಗೆ ತೋರಿಸಿಲ್ಲ. ಕ್ಷಮಾಪಣೆ ಪತ್ರ ಬರೆದುಕೊಡಿ, ಇನ್ನು ಇಂಥ ವಿಷಯ ಎತ್ತಬೇಡಿ ಎಂದು ವಿಭಾಗದ ಮುಖ್ಯಸ್ಥರು ಹೇಳಿದ್ದಾರೆ. ಕನ್ನಡ ಮಾಧ್ಯಮದಿಂದ ಬಂದ ಮಕ್ಕಳಿಗೆ ಕನ್ನಡದಲ್ಲಿ ವಿವರಿಸಿದ್ದಕ್ಕೂ ಆಕ್ಷೇಪ. ಈಗ ಗೈಡ್ ಕೂಡ, ಪರಿಹಾರ ವಿತರಣೆಯ ಬಗೆಗಿನ ನನ್ನ ಅಧ್ಯಾಯವನ್ನು ಕೈಬಿಡುವುದು ಒಳ್ಳೆಯದು ಎನ್ನುತ್ತಾರೆ. ಎಸ್.ಆರ್.ಎಫ್. (ಹಿರಿಯ ಫೆಲೋಶಿಪ್) ಬಡ್ತಿ ಹತ್ತಿರ ಬಂದಿರುವುದರಿಂದ ಹೆದರಿಕೆ. ಸ್ವಾತಂತ್ರ್ಯ ಎನ್ನುವುದು ಖಾಯಂ ಅಧ್ಯಾಪಕರಿಗೆ ಮಾತ್ರವೇ? ಇದನ್ನೆಲ್ಲ ಫೇಸ್‌ಬುಕ್‌ನಲ್ಲಿ ಬರೆದರೆ ತೊಂದರೆಯೇ?

ಉತ್ತರ: ಮೊದಲ ಮಾತು, ಕ್ಷಮಾಪಣೆ ಪತ್ರಕ್ಕೆ ಸಹಿ ಹಾಕಬೇಡಿ. ದೂರು ಏನೆಂದು ನೋಡದೆ, ನಿಮ್ಮ ವಿವರಣೆ ಯಾರೂ ಕೇಳದೆ ಬರೆದುಕೊಟ್ಟ ಕ್ಷಮಾಪಣೆ ನಾಳೆ ಫೈಲಿನಲ್ಲಿ ತಪ್ಪೊಪ್ಪಿಗೆಯಾಗಿ ಕೂರುತ್ತದೆ. ಇಂದು ಕೇಳುವವರು ‘ಇದೊಂದು ಸಣ್ಣ ಫಾರ್ಮಾಲಿಟಿ, ವಿಷಯ ಇಲ್ಲಿಗೇ ಮುಗಿಸೋಣ’ ಎಂದೇ ಕೇಳುತ್ತಾರೆ. ಅವರಲ್ಲಿ ಹೆಚ್ಚಿನವರು ಕೆಟ್ಟವರಲ್ಲ, ಗಲಾಟೆ ಬೇಡ ಎನ್ನುವವರು. ಆದರೆ ಮುಖ್ಯಸ್ಥರು ಬದಲಾಗುತ್ತಾರೆ, ಫೈಲು ಉಳಿಯುತ್ತದೆ. ನಾಲ್ಕು ವರ್ಷದ ನಂತರ ನೀವು ಅಧ್ಯಾಪಕಿಯ ಹುದ್ದೆಗೆ ಅರ್ಜಿ ಹಾಕಿದಾಗ ಆ ಕಾಗದವನ್ನು ಓದುವವರಿಗೆ ಇಂದಿನ ಸೌಜನ್ಯದ ಮಾತುಗಳು ಗೊತ್ತಿರುವುದಿಲ್ಲ.

ಇನ್ನು ನಿಮ್ಮ ದೊಡ್ಡ ಪ್ರಶ್ನೆ. ಶೈಕ್ಷಣಿಕ ಸ್ವಾತಂತ್ರ್ಯ ಎಂಬ ಹೆಸರಿನಲ್ಲಿ ಸಂಶೋಧನಾ ವಿದ್ಯಾರ್ಥಿಗಳಿಗೆ ಇಂತಿಷ್ಟು ಹಕ್ಕು ಎಂದು ಬರೆದಿಟ್ಟ ಕಾಯಿದೆ ನಮ್ಮ ದೇಶದಲ್ಲಿಲ್ಲ. ಹಾಗೆಂದು ನೀವು ಬರಿಗೈಯಲ್ಲಿಲ್ಲ. ನೀವು ಒಂದೇ ಹೊತ್ತಿಗೆ ವಿದ್ಯಾರ್ಥಿ, ವಾರಕ್ಕೆ ಐದು ಗಂಟೆಯ ಮಟ್ಟಿಗೆ ಶಿಕ್ಷಕಿ, ಸದಾಕಾಲ ಪ್ರಜೆ. ಮೂರಕ್ಕೂ ಬೇರೆ ಬೇರೆ ನಿಯಮಗಳ ಆಸರೆ ಇದೆ. ಸಂಸ್ಥೆಗಳು ಮಾಡುವ ಎಡವಟ್ಟೆಂದರೆ, ಕೆಲಸ ಹೇಳುವಾಗ ನಿಮ್ಮನ್ನು ಶಿಕ್ಷಕಿ ಎನ್ನುವುದು, ಹಕ್ಕಿನ ಮಾತು ಬಂದಾಗ ಬರೀ ವಿದ್ಯಾರ್ಥಿ ಎನ್ನುವುದು. ಅಡಕತ್ತರಿಯಲ್ಲಿ ಸಿಕ್ಕ ಅಡಿಕೆಯ ಹಾಗೆ ನಿಮ್ಮಂಥವರು ಸಿಕ್ಕಿಕೊಳ್ಳುವುದು ಇಲ್ಲಿಯೇ.

ಶಿಕ್ಷಕಿಯ ಪಾತ್ರದಿಂದ ಶುರುಮಾಡುತ್ತೇನೆ. ನೀವು ಟ್ಯುಟೋರಿಯಲ್ ತೆಗೆದುಕೊಳ್ಳುವುದು ಯಾರದೋ ಉಪಕಾರಕ್ಕಲ್ಲ. 2022ರ ನವೆಂಬರಿನಲ್ಲಿ ಹೊರಬಂದ ಯುಜಿಸಿಯ (ವಿಶ್ವವಿದ್ಯಾಲಯ ಧನಸಹಾಯ ಆಯೋಗದ) ಪಿಎಚ್.ಡಿ. ನಿಯಮಾವಳಿಯೇ ಇದಕ್ಕೆ ಜಾಗ ಕೊಟ್ಟಿದೆ: ಸಂಶೋಧಕರಿಗೆ ಬೋಧನೆಯ ತರಬೇತಿ ಆಗಬೇಕು, ಟ್ಯುಟೋರಿಯಲ್, ಪ್ರಯೋಗಾಲಯ ಮತ್ತು ಮೌಲ್ಯಮಾಪನಕ್ಕಾಗಿ ವಾರಕ್ಕೆ 4ರಿಂದ 6 ಗಂಟೆ ಕೆಲಸ ವಹಿಸಬಹುದು. ಬೋಧನೆಯನ್ನು ಕಲಿಯುವ ಭಾಗವಾಗಿ ನಿಮಗೆ ವಹಿಸಿದ ಮೇಲೆ, ಪಠ್ಯಕ್ರಮದ ಒಳಗೆ ಯಾವ ಉದಾಹರಣೆ ಎತ್ತಿಕೊಳ್ಳಬೇಕು, ಚರ್ಚೆ ಹೇಗೆ ನಡೆಸಬೇಕು ಎಂಬ ತೀರ್ಮಾನವೂ ನಿಮ್ಮ ಪಾಲಿಗೆ ಬಂತು. ಅದಿಲ್ಲದಿದ್ದರೆ ಕಲಿಯುವುದಾದರೂ ಏನನ್ನು? ಆದರೆ ಒಂದು ಮಿತಿ ಇದೆ, ಅದನ್ನು ಒಪ್ಪಿಕೊಳ್ಳಿ. ಆ ಪೇಪರಿನ ಹೊಣೆ ಹೊತ್ತ ಅಧ್ಯಾಪಕರು ‘ಈ ವಾರ ಸ್ಯಾಂಪ್ಲಿಂಗ್ ಮುಗಿಸಬೇಕು’ ಎಂದರೆ ಮುಗಿಸಬೇಕು. ನೀವು ಸಿಲಬಸ್ ಬಿಟ್ಟು ಬೇರೆಲ್ಲೋ ಹೋಗಿದ್ದರೆ ಅವರು ತಿದ್ದಬಹುದು. ಸಿಲಬಸ್ ತಿದ್ದುವುದು ಒಂದು, ಒಂದು ವಿಷಯವನ್ನೇ ನಿಷೇಧಿಸಿ ಕ್ಷಮಾಪಣೆ ಬರೆಸುವುದು ಇನ್ನೊಂದು. ಮೊದಲನೆಯದಕ್ಕೆ ಅವರಿಗೆ ಅಧಿಕಾರವಿದೆ.

ಹೊರದೇಶಗಳಲ್ಲಿ ಈ ಪ್ರಶ್ನೆ ನಮಗಿಂತ ಮೊದಲೇ ಬಂದಿದೆ. ಅಮೆರಿಕದ ವಿಶ್ವವಿದ್ಯಾಲಯ ಪ್ರಾಧ್ಯಾಪಕರ ಸಂಘ 1940ರಲ್ಲಿ ಶೈಕ್ಷಣಿಕ ಸ್ವಾತಂತ್ರ್ಯದ ಹೇಳಿಕೆಯನ್ನು ರೂಪಿಸಿತು. 1970ರಲ್ಲಿ ಅದಕ್ಕೆ ವಿವರಣೆ ಸೇರಿಸುವಾಗ, ಈ ರಕ್ಷಣೆಯೂ ಜವಾಬ್ದಾರಿಯೂ ಖಾಯಂ ಅಧ್ಯಾಪಕರಿಗಷ್ಟೇ ಸೀಮಿತವಲ್ಲ, ಬೋಧನೆಯ ಹೊಣೆ ಹೊತ್ತ ಅರೆಕಾಲಿಕ ಅಧ್ಯಾಪಕರಿಗೂ ಬೋಧನಾ ಸಹಾಯಕರಿಗೂ ಅನ್ವಯಿಸುತ್ತದೆ ಎಂದು ಬಿಡಿಸಿ ಹೇಳಿತು. 1997ರ ಯುನೆಸ್ಕೊ ಶಿಫಾರಸು ಕೂಡ ಉನ್ನತ ಶಿಕ್ಷಣದಲ್ಲಿ ಬೋಧನೆ, ಸಂಶೋಧನೆ ಮಾಡುವ ಎಲ್ಲರನ್ನೂ ಒಳಗೊಳ್ಳುವಂತೆ ಬರೆದದ್ದು. ಇವು ನಮ್ಮ ವಿಶ್ವವಿದ್ಯಾಲಯಗಳನ್ನು ಕಟ್ಟಿಹಾಕುವ ಕಾನೂನುಗಳಲ್ಲ. ಆದರೆ ನಿಮ್ಮ ಮನವಿಯಲ್ಲಿ ಒಂದು ಸಾಲು ಉಲ್ಲೇಖಿಸಿದರೆ, ಖಾಯಂ ಹುದ್ದೆ ಇದ್ದವರಿಗಷ್ಟೇ ಸ್ವಾತಂತ್ರ್ಯ ಎಂಬ ವಾದಕ್ಕೆ ಜಗತ್ತಿನಲ್ಲಿ ಮನ್ನಣೆಯಿಲ್ಲ ಎಂದು ತೋರಿಸಿದಂತಾಗುತ್ತದೆ.

ನಿಮ್ಮದಕ್ಕೆ ತೀರ ಹತ್ತಿರದ ಪ್ರಕರಣವೊಂದು ಕೆನಡಾದ ವಿಲ್‌ಫ್ರಿಡ್ ಲಾರಿಯರ್ ವಿಶ್ವವಿದ್ಯಾಲಯದಲ್ಲಿ 2017ರ ನವೆಂಬರಿನಲ್ಲಿ ನಡೆಯಿತು. ಎಂ.ಎ. ಓದುತ್ತಾ ಬೋಧನಾ ಸಹಾಯಕಿಯಾಗಿದ್ದ ಲಿಂಡ್ಸೆ ಶೆಫರ್ಡ್, ಲಿಂಗ ಸರ್ವನಾಮಗಳ ಬಗ್ಗೆ ಟಿವಿಯಲ್ಲಿ ನಡೆದ ಚರ್ಚೆಯೊಂದರ ತುಣುಕನ್ನು ಟ್ಯುಟೋರಿಯಲ್‌ನಲ್ಲಿ ತೋರಿಸಿದ್ದರು. ಮೇಲ್ವಿಚಾರಕರು ಕರೆಸಿ, ದೂರು ಬಂದಿದೆ ಎಂದು ತರಾಟೆಗೆ ತೆಗೆದುಕೊಂಡರು. ಆಕೆ ಆ ಸಭೆಯನ್ನು ರೆಕಾರ್ಡ್ ಮಾಡಿಕೊಂಡಿದ್ದರು. ಅದು ಹೊರಬಿದ್ದ ಮೇಲೆ ವಿಶ್ವವಿದ್ಯಾಲಯದ ಅಧ್ಯಕ್ಷರೂ ಮೇಲ್ವಿಚಾರಕರೂ ಆಕೆಯ ಕ್ಷಮೆ ಕೇಳಬೇಕಾಯಿತು. ತನಿಖೆಯಲ್ಲಿ ಗೊತ್ತಾದದ್ದು ಏನೆಂದರೆ, ಯಾವ ವಿದ್ಯಾರ್ಥಿಯೂ ವಿಧಿವತ್ತಾಗಿ ದೂರು ಕೊಟ್ಟೇ ಇರಲಿಲ್ಲ. ನಿಮಗೂ ದೂರು ‘ಇದೆಯಂತೆ’, ಆದರೆ ಯಾರೂ ತೋರಿಸಿಲ್ಲ. ಹಾಗಾಗಿ ನೀವು ಮೊದಲು ಕೇಳಬೇಕಾದ್ದೇ ದೂರಿನ ಪ್ರತಿ. ದೂರು ಕೊಟ್ಟವರ ಹೆಸರು ಮುಚ್ಚಿ ಕೊಟ್ಟರೂ ಸಾಕು. ಕೇಳುವುದು ನಿಮ್ಮ ಅಧಿಕಪ್ರಸಂಗ ಆಗುವುದಿಲ್ಲ. ಉತ್ತರ ಪ್ರದೇಶದ ಪರೀಕ್ಷಾ ಮಂಡಳಿಯ ವಿರುದ್ಧ ಘನಶ್ಯಾಮ ದಾಸ ಗುಪ್ತ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1962ರಷ್ಟು ಹಿಂದೆಯೇ, ವಿದ್ಯಾರ್ಥಿಗಳ ಮೇಲೆ ಕ್ರಮ ಕೈಗೊಳ್ಳುವ ಮೊದಲು ಅವರ ಮಾತು ಕೇಳಲೇಬೇಕು ಎಂದು ಹೇಳಿಯಾಗಿದೆ.

ಈಗ ನೀವು ಓದಿಸಿದ ವಿಷಯಕ್ಕೆ ಬರೋಣ. ಇದರ ಬಗ್ಗೆ ನಾನು ಸ್ವಲ್ಪ ಹೆಚ್ಚೇ ಬರೆಯುತ್ತೇನೆ, ಏಕೆಂದರೆ ಸಂಶೋಧನಾ ಸ್ವಾತಂತ್ರ್ಯ ಯಾಕೆ ಬೇಕೆಂದು ತಿಳಿಯಲು ನಮ್ಮ ಜಿಲ್ಲೆಯವರು ಬೇರೆ ಊರಿಗೆ ಹೋಗಬೇಕಾಗಿಲ್ಲ. ತೋಟಗಾರಿಕಾ ನಿಗಮದ ಗೇರು ತೋಟಗಳ ಮೇಲೆ ಎರಡು ದಶಕಕ್ಕೂ ಹೆಚ್ಚು ಕಾಲ, 2000ದ ವರೆಗೂ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯ ವಿಜ್ಞಾನಿಗಳು ತೋಟದ ಬುಡದ ಹಳ್ಳಿಯ 117 ಹುಡುಗರನ್ನು, ಸಿಂಪಡಿಸದ ಊರಿನ 90 ಹುಡುಗರ ಜೊತೆ ಹೋಲಿಸಿ ನೋಡಿದರು. ಪ್ರೌಢಾವಸ್ಥೆಯ ಬೆಳವಣಿಗೆ ತಡವಾಗಿರುವುದು ಕಂಡಿತು. 2003ರ ಕೊನೆಯಲ್ಲಿ ಆ ಲೇಖನ ಅಂತಾರಾಷ್ಟ್ರೀಯ ಪತ್ರಿಕೆಯಲ್ಲಿ ಬಂತು. ಬಂದ ಮೇಲೆ ಅದೇ ಪತ್ರಿಕೆಯಲ್ಲಿ ತಕರಾರಿನ ಪತ್ರಗಳೂ ಬಂದವು, ಲೇಖಕರು ಅಲ್ಲಿಯೇ ಉತ್ತರ ಕೊಟ್ಟರು. ಸರಕಾರಿ ನಿಗಮ, ಕೀಟನಾಶಕ ಉದ್ಯಮ, ಎರಡಕ್ಕೂ ಇಷ್ಟವಾಗದ ಫಲಿತಾಂಶ ಅದು. ಇಷ್ಟವಾಗದ್ದನ್ನು ಅಚ್ಚಿಗೆ ಹಾಕಬಹುದಾಗಿದ್ದರಿಂದಲೇ ಅದು ಕೋರ್ಟಿನವರೆಗೂ ಚರ್ಚೆಗೆ ಸಿಕ್ಕಿತು. 2011ರಲ್ಲಿ ಸುಪ್ರೀಂ ಕೋರ್ಟ್ ಎಂಡೋಸಲ್ಫಾನನ್ನು ತಡೆಹಿಡಿಯಿತು, 2017ರ ಜನವರಿಯಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಿ ಎಂದಿತು.

ಅದೇ ಜಿಲ್ಲೆಯ ಪಡನ್ನಕ್ಕಾಡಿನ ಕೃಷಿ ಕಾಲೇಜಿನಲ್ಲಿದ್ದ ವಿಜ್ಞಾನಿಯೊಬ್ಬರು, ಕಾಸರಗೋಡಿನ ಆರೋಗ್ಯ ಅಧ್ಯಯನಗಳ ವಿಧಾನ ಸರಿಯಿಲ್ಲ ಎಂದು ಸಹಲೇಖಕರೊಂದಿಗೆ ವಿಮರ್ಶೆ ಬರೆದರು. ಅದನ್ನು ಓದಿ ಕುದಿದವರು ಬಹಳ. ನಾನು ಅವರ ತೀರ್ಮಾನವನ್ನು ಒಪ್ಪುವುದಿಲ್ಲ. ಆದರೆ ಅಹಮದಾಬಾದಿನವರಿಗೆ ಬರೆಯಲು ಇದ್ದ ಸ್ವಾತಂತ್ರ್ಯ ಅವರಿಗೂ ಇರಬೇಕು. ಒಬ್ಬರ ವಿಧಾನವನ್ನು ಇನ್ನೊಬ್ಬರು ಕೆದಕಿ ನೋಡದಿದ್ದರೆ ಅದು ವಿಜ್ಞಾನವೇ ಅಲ್ಲ. ಸಂಶೋಧನಾ ವಿಧಾನ ಕಲಿಯುವ ಎಂ.ಎ. ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಪಾಠ ಯಾವುದಿದೆ? ಹೋಲಿಕೆಯ ಊರನ್ನು ಹೇಗೆ ಆರಿಸಿದರು, 117 ಸಾಕೇ, ಬೇರೆ ಕಾರಣಗಳನ್ನು ಹೇಗೆ ಬದಿಗಿಟ್ಟರು, ವಿಮರ್ಶಕರು ಯಾವುದನ್ನು ಬಿಟ್ಟು ಮಾತಾಡಿದರು, ಎಲ್ಲ ಪ್ರಶ್ನೆಯೂ ಅಲ್ಲಿದೆ. ನಿಮ್ಮ ಆಯ್ಕೆ ಸರಿಯಾದದ್ದೆಂದು ನಾನು ಬರೆದೇ ಹೇಳಬಲ್ಲೆ.

ಒಂದೇ ಒಂದು ಮಾತನ್ನು ಇದರ ಜೊತೆ ಹೇಳಲೇಬೇಕು. ನಿಮ್ಮ ಟ್ಯುಟೋರಿಯಲ್‌ನಲ್ಲಿ ಸ್ವರ್ಗ, ವಾಣಿನಗರದಂಥ ಸಂತ್ರಸ್ತ ಊರಿನಿಂದ ಬಂದ ಮಗು ಇರಬಹುದು, ಮನೆಯಲ್ಲಿ ಹಾಸಿಗೆ ಹಿಡಿದ ಅಣ್ಣನನ್ನು ಬಿಟ್ಟು ಬಂದಿರಬಹುದು. ಆ ಮಗುವಿಗೆ ‘ಈ ಅಧ್ಯಯನದಲ್ಲಿ ದೋಷವಿದೆ’ ಎಂಬ ವಾಕ್ಯ ‘ನಿನ್ನ ಅಣ್ಣನ ಕಾಯಿಲೆ ಸುಳ್ಳು’ ಎಂದು ಕೇಳಿಸಬಹುದು. ಅಂಕಿಅಂಶದ ದೋಷ ಬೇರೆ, ನೋವಿನ ಸತ್ಯ ಬೇರೆ ಎಂಬುದನ್ನು ಚರ್ಚೆಗೆ ಮೊದಲು ಐದು ನಿಮಿಷ ಹೇಳಿದ್ದಿರಾ? ಹೇಳಿದ್ದರೆ ಅದನ್ನು ನಿಮ್ಮ ಉತ್ತರದಲ್ಲಿ ಬರೆಯಿರಿ. ಹೇಳದಿದ್ದರೆ ಮುಂದಿನ ತರಗತಿಯಲ್ಲಿ ಮಕ್ಕಳ ಹತ್ತಿರ ನೇರವಾಗಿ ಮಾತಾಡಿ, ಯಾರಿಗಾದರೂ ನೋವಾಗಿದ್ದರೆ ವಿಷಾದವಿದೆ ಎನ್ನಿ. ಮಕ್ಕಳೆದುರು ಮನಸ್ಸಿನಿಂದ ಹೇಳುವ ವಿಷಾದಕ್ಕೂ ಮುಖ್ಯಸ್ಥರ ಫೈಲಿಗೆ ಬರೆದುಕೊಡುವ ಕ್ಷಮಾಪಣೆಗೂ ಅಜಗಜಾಂತರ.

ಕನ್ನಡದಲ್ಲಿ ವಿವರಿಸಿದ್ದರ ಬಗ್ಗೆ ಹೆಚ್ಚು ತಲೆಕೆಡಿಸಿಕೊಳ್ಳಬೇಡಿ. ಕೇರಳದ 1969ರ ಅಧಿಕೃತ ಭಾಷೆಗಳ ಕಾಯಿದೆ ಕನ್ನಡಿಗರಿಗೆ ಕೊಟ್ಟಿರುವುದು ಸರಕಾರದ ಜೊತೆ ಕನ್ನಡದಲ್ಲಿ ಪತ್ರವ್ಯವಹಾರ ಮಾಡುವ ಹಕ್ಕು, ಅದನ್ನು ತರಗತಿಗೆ ಎಳೆದು ತರಲು ಹೋಗಬೇಡಿ. ಮಾಧ್ಯಮ ಇಂಗ್ಲಿಷ್ ಆಗಿದ್ದರೂ ಸ್ಥಳೀಯ ಭಾಷೆಯಲ್ಲಿ ಪರೀಕ್ಷೆ ಬರೆಯಲು ಅವಕಾಶ ಕೊಡಿ ಎಂದು ಯುಜಿಸಿ 2023ರ ಏಪ್ರಿಲ್‌ನಲ್ಲಿ ವಿಶ್ವವಿದ್ಯಾಲಯಗಳನ್ನು ಕೇಳಿಕೊಂಡಿದೆ. ಪರೀಕ್ಷೆಗೇ ಒಪ್ಪಬಹುದಾದದ್ದು ಟ್ಯುಟೋರಿಯಲ್‌ಗೆ ಅಪರಾಧವಾಗುವುದು ಹೇಗೆ? ಮಲಯಾಳ ಮಾತ್ರ ಗೊತ್ತಿರುವ ಮಕ್ಕಳು ಹೊರಗುಳಿಯದ ಹಾಗೆ ಮೊದಲು ಇಂಗ್ಲಿಷ್‌ನಲ್ಲಿ ಹೇಳಿ, ಆಮೇಲೆ ಕನ್ನಡದಲ್ಲಿ ಹೇಳಿ. ಅಷ್ಟು ಸಾಕು.

ಗೈಡ್ ಹೇಳುವ ಅಧ್ಯಾಯದ ಮಾತು ಇದೆಲ್ಲಕ್ಕಿಂತ ಗಂಭೀರ. ಕ್ಷಮಾಪಣೆ ಒಂದು ಹಾಳೆಯ ವಿಷಯ, ಅಧ್ಯಾಯ ನಿಮ್ಮ ವರ್ಷಗಳ ದುಡಿಮೆ. ಅವರ ಸಲಹೆಯಲ್ಲಿ ಎರಡು ಥರದ ಕಾರಣ ಇರಬಹುದು. ಮಾಹಿತಿ ಸಾಲದು, ಸಂದರ್ಶನ ಕಡಿಮೆ, ಪ್ರಬಂಧ ಉದ್ದವಾಗುತ್ತದೆ ಎಂದಾದರೆ ಅದು ಗೈಡ್ ಹೇಳಲೇಬೇಕಾದ ಮಾತು, ಕಿವಿಗೊಡಿ. ‘ಇದರಿಂದ ಮೇಲಿನವರಿಗೆ ಬೇಸರ’ ಎಂಬುದು ಸಂಶೋಧನೆಯ ಕಾರಣ ಅಲ್ಲ. ಎರಡರಲ್ಲಿ ಯಾವುದೆಂದು ತಿಳಿಯುವ ದಾರಿ ನಿಯಮದಲ್ಲೇ ಇದೆ. ವಿಷಯವನ್ನು ಅಂತಿಮಗೊಳಿಸುವುದು, ಅಧ್ಯಯನದ ವಿನ್ಯಾಸಕ್ಕೆ ಮಾರ್ಗದರ್ಶನ ಕೊಡುವುದು, ಪ್ರತಿ ಸೆಮಿಸ್ಟರ್ ಪ್ರಗತಿ ನೋಡುವುದು, ಇವೆಲ್ಲ ಸಂಶೋಧನಾ ಸಲಹಾ ಸಮಿತಿಯ ಕೆಲಸ. ಗೈಡ್ ಅದರ ಸಂಚಾಲಕರು, ಆದರೆ ಒಬ್ಬರೇ ಸಮಿತಿ ಅಲ್ಲ. ನಿಮ್ಮ ಸಿನಾಪ್ಸಿಸ್‌ನಲ್ಲಿ (ಸಂಶೋಧನೆಯ ರೂಪರೇಖೆಯಲ್ಲಿ) ಪರಿಹಾರ ವಿತರಣೆಯ ಭಾಗ ಇದ್ದು ಸಮಿತಿ ಅದನ್ನು ಒಪ್ಪಿದ್ದರೆ, ತೆಗೆಯಬೇಕೆಂಬ ಮಾತೂ ಆ ಸಮಿತಿಯ ಮುಂದೆ, ಕಾರಣ ಸಮೇತ, ಮಿನಿಟ್ಸ್‌ನಲ್ಲಿ ಬರಬೇಕು. ಕಾರಿಡಾರಿನಲ್ಲಿ ಹೇಳಿದ ಮಾತಿಗೆ ಅಧ್ಯಾಯ ಅಳಿಸಬೇಡಿ. ಮುಂದಿನ ಸೆಮಿಸ್ಟರ್ ಮಂಡನೆಯಲ್ಲಿ ಬೇರೆಲ್ಲ ಬಿಟ್ಟು ಈ ಅಧ್ಯಾಯವನ್ನೇ ಮಂಡಿಸಿ. ಬರಹದಲ್ಲಿ ಬರೆಯಲಾಗದ ಕಾರಣಗಳು ಸಮಿತಿಯ ಮೇಜಿನ ಮೇಲೆ ತಾವಾಗಿಯೇ ಉದುರಿ ಹೋಗುತ್ತವೆ, ಇದನ್ನು ನಾನು ಬಹಳ ಸಲ ನೋಡಿದ್ದೇನೆ.

ವಿಷಯದ ಆಯ್ಕೆಯ ಮೇಲೆ ಒತ್ತಡ ಬರುವುದು ನಮ್ಮ ಜಿಲ್ಲೆಗೆ ಹೊಸತೂ ಅಲ್ಲ. 2019ರ ಮಾರ್ಚ್‌ನಲ್ಲಿ ಪೆರಿಯದ ಕೇರಳ ಕೇಂದ್ರೀಯ ವಿಶ್ವವಿದ್ಯಾಲಯ, ಪಿಎಚ್.ಡಿ. ವಿಷಯಗಳು ರಾಷ್ಟ್ರೀಯ ಆದ್ಯತೆಗೆ ತಕ್ಕಂತಿರಬೇಕು, ಅಪ್ರಸ್ತುತ ವಿಷಯಗಳ ಸಂಶೋಧನೆಗೆ ಉತ್ತೇಜನ ಬೇಡ ಎಂಬ ಸುತ್ತೋಲೆ ಹೊರಡಿಸಿತ್ತು. ಅದನ್ನು ಪ್ರತಿಭಟಿಸಿ ಅಲ್ಲಿನ ಇಂಗ್ಲಿಷ್ ಅಧ್ಯಯನ ಮಂಡಳಿಯಲ್ಲಿದ್ದ ಹೊರಗಿನ ಪ್ರಾಧ್ಯಾಪಕಿಯೊಬ್ಬರು ರಾಜೀನಾಮೆ ಕೊಟ್ಟರು, ದೇಶದಾದ್ಯಂತ ಚರ್ಚೆಯಾಯಿತು. ಯಾವುದು ಪ್ರಸ್ತುತ, ಯಾವುದು ಅಪ್ರಸ್ತುತ ಎಂದು ಮೊದಲೇ ಗೊತ್ತಿದ್ದರೆ ಸಂಶೋಧನೆ ಮಾಡುವ ಅಗತ್ಯವೇ ಬೀಳುತ್ತಿರಲಿಲ್ಲ. ಎಂಡೋಸಲ್ಫಾನ್ ಸಿಂಪಡಿಸಿದ ಪಡ್ರೆಯ ಕಾಯಿಲೆಗಳು ಕೂಡ ಬಹಳ ವರ್ಷ ಯಾರ ಆದ್ಯತೆಯ ಪಟ್ಟಿಯಲ್ಲೂ ಇರಲಿಲ್ಲ.

ಫೆಲೋಶಿಪ್ ಭಯವನ್ನು ಹಗುರವಾಗಿ ತೆಗೆದುಕೊಳ್ಳಲಾರೆ. ತಿಂಗಳಿಗೆ 37,000 ಇರುವುದು 42,000 ಆಗುವ ಹೊತ್ತು, ಮನೆಯಲ್ಲಿ ಅದನ್ನೇ ನಂಬಿದವರೂ ಇರಬಹುದು. ಹಣ ಬರಬೇಕಾದರೆ ಪ್ರತಿ ತಿಂಗಳು ಸಂಸ್ಥೆಯ ಕಡೆಯಿಂದ ಕೆನರಾ ಬ್ಯಾಂಕಿನ ಪೋರ್ಟಲ್‌ನಲ್ಲಿ ದೃಢೀಕರಣ ಆಗಬೇಕು, ಅದಕ್ಕೆ ಮೊದಲು ಗೈಡ್ ಸಹಿ, ಮುಖ್ಯಸ್ಥರ ಸಹಿ. ಈ ಸಹಿಗಳೇ ನಿಜವಾದ ಲಗಾಮು. ಸ್ವಾತಂತ್ರ್ಯವನ್ನು ಆದೇಶ ಹೊರಡಿಸಿ ಕಿತ್ತುಕೊಂಡದ್ದು ನಾನು ನೋಡಿದ್ದು ಕಡಿಮೆ. ಸಹಿಯನ್ನು ಎರಡು ವಾರ ತಡಮಾಡಿ ಕಿತ್ತುಕೊಂಡದ್ದೇ ಹೆಚ್ಚು. ಎಸ್.ಆರ್.ಎಫ್. ಬಡ್ತಿಗೆ ಗೈಡ್ ಮತ್ತು ಮುಖ್ಯಸ್ಥರ ಜೊತೆ ಹೊರಗಿನ ತಜ್ಞರೊಬ್ಬರೂ ಕೂರುತ್ತಾರೆ, ಅದು ನಿಮಗೊಂದು ಧೈರ್ಯ. ಅವರು ನೋಡುವುದು ನಿಮ್ಮ ಕೆಲಸವನ್ನು. ಕ್ಷೇತ್ರಕಾರ್ಯದ ವರದಿ, ಬರೆದ ಅಧ್ಯಾಯ, ಪ್ರಕಟಣೆ, ಹಿಂದಿನ ಸಮಿತಿ ವರದಿಗಳು ‘ತೃಪ್ತಿಕರ’ ಎಂದಿರುವುದು, ಎಲ್ಲವನ್ನೂ ಒಂದು ಫೈಲು ಮಾಡಿ. ಮಾಸಿಕ ದೃಢೀಕರಣದ ಅರ್ಜಿಯನ್ನು ಕೈಯಲ್ಲಿ ಕೊಟ್ಟ ದಿನವೇ ಇಮೇಲ್‌ನಲ್ಲೂ ಕಳಿಸಿ. ಪ್ರಗತಿ ತೃಪ್ತಿಕರವಲ್ಲ ಎಂದು ಯಾರಾದರೂ ಹೇಳಬೇಕಾದರೆ ಸಮಿತಿ ಕಾರಣಗಳನ್ನು ಬರೆದು, ತಿದ್ದಿಕೊಳ್ಳುವ ದಾರಿಯನ್ನೂ ಸೂಚಿಸಬೇಕು ಎಂದು 2022ರ ನಿಯಮ ಹೇಳುತ್ತದೆ.

ಫೇಸ್‌ಬುಕ್ ಬಗ್ಗೆ ಕೇಳಿದ್ದೀರಿ. ಹಕ್ಕಿನ ದೃಷ್ಟಿಯಿಂದ ನಿಮ್ಮ ನೆಲೆ ಗಟ್ಟಿ. ಸರಕಾರಿ ನೌಕರಿಯಲ್ಲಿದ್ದರೂ ವಾಕ್ ಸ್ವಾತಂತ್ರ್ಯ ಹೋಗುವುದಿಲ್ಲ ಎಂದು ತ್ರಿಪುರಾ ಹೈಕೋರ್ಟ್ 2020ರ ಜನವರಿಯಲ್ಲಿ ಲಿಪಿಕಾ ಪಾಲ್ ಪ್ರಕರಣದಲ್ಲಿ ಹೇಳಿತು. ಅದೇ ವರ್ಷ ಕೇರಳ ಹೈಕೋರ್ಟ್, ಪೆರಿಯದ ವಿಶ್ವವಿದ್ಯಾಲಯದ ಪ್ರಾಧ್ಯಾಪಕರೊಬ್ಬರ ಫೇಸ್‌ಬುಕ್ ಬರಹದ ವಿಷಯದಲ್ಲಿ, ನೌಕರ ಎಂಬ ಒಂದೇ ಕಾರಣಕ್ಕೆ ಅಭಿಪ್ರಾಯ ಹೇಳದಂತೆ ತಡೆಯಲಾಗದು, ಆರೋಗ್ಯಕರ ಟೀಕೆ ಸಾರ್ವಜನಿಕ ಸಂಸ್ಥೆಗೆ ಒಳ್ಳೆಯದು ಎಂಬ ನಿಲುವು ತಾಳಿತು. ನೀವಂತೂ ನೌಕರರೇ ಅಲ್ಲ, ಸೇವಾ ನಡತೆ ನಿಯಮಗಳು ನಿಮಗೆ ತಾನಾಗಿ ಅನ್ವಯಿಸುವುದಿಲ್ಲ. ಆದರೂ ಈಗ ಬರೆಯಬೇಡಿ ಎಂದೇ ಹೇಳುತ್ತೇನೆ. ದೂರು ಕೊಟ್ಟದ್ದು ವಿದ್ಯಾರ್ಥಿಯೇ ಆಗಿದ್ದರೆ, ಅದು ನೀವು ಪಾಠ ಮಾಡುವ, ಬಹುಶಃ ಅಂಕ ಕೊಡುವ ಮಗು. ನೀವು ಹೆಸರು ಹೇಳದಿದ್ದರೂ ಕ್ಲಾಸಿನಲ್ಲಿ ಎಲ್ಲರಿಗೂ ಗೊತ್ತಾಗುತ್ತದೆ. ಅದಲ್ಲದೆ ಪೋಸ್ಟ್ ಬಂದ ಕ್ಷಣವೇ ಚರ್ಚೆ ನಿಮ್ಮ ಪಾಠದಿಂದ ನಿಮ್ಮ ಪೋಸ್ಟ್‌ಗೆ ಜಾರುತ್ತದೆ. ಕೀಟನಾಶಕದ ಬಗ್ಗೆ, ಪರಿಹಾರದ ಬಗ್ಗೆ ಧಾರಾಳವಾಗಿ ಬರೆಯಿರಿ. ಈ ದೂರಿನ ಬಗ್ಗೆ ಮಾತ್ರ ಸಮಿತಿಗಳು ಮುಗಿಯುವವರೆಗೆ ತಡೆಯಿರಿ.

ಈಗ ಮಾಡಬೇಕಾದ್ದು. ಮುಖ್ಯಸ್ಥರಿಗೆ ಒಂದು ಇಮೇಲ್ ಕಳಿಸಿ, ಗೈಡ್‌ಗೆ ಪ್ರತಿ ಇರಲಿ. ಇಂಗ್ಲಿಷ್‌ನಲ್ಲೇ ಬರೆಯಿರಿ, ಸಾರ ಇಷ್ಟಿರಲಿ: ‘ಮಾನ್ಯರೇ, ನನ್ನ ಟ್ಯುಟೋರಿಯಲ್ ಬಗ್ಗೆ ದೂರು ಬಂದಿರುವುದಾಗಿ ತಾವು ಮೌಖಿಕವಾಗಿ ತಿಳಿಸಿದ್ದೀರಿ. ದಯವಿಟ್ಟು ಅದರ ಪ್ರತಿಯನ್ನು ಒದಗಿಸಬೇಕು. ಅಂದಿನ ಚರ್ಚೆ ಸಂಶೋಧನಾ ವಿಧಾನ ಪತ್ರಿಕೆಯ ಇಂಥ ಘಟಕಕ್ಕೆ ಸಂಬಂಧಿಸಿದ್ದು. ಓದಿಸಿದ ಎರಡೂ ಲೇಖನಗಳನ್ನು ಲಗತ್ತಿಸಿದ್ದೇನೆ. ದೂರನ್ನು ನೋಡಿದ ಬಳಿಕ ಲಿಖಿತ ವಿವರಣೆ ಕೊಡಲು ಸಿದ್ಧಳಿದ್ದೇನೆ. ಮುಂದಿನ ಟ್ಯುಟೋರಿಯಲ್‌ಗಳಲ್ಲಿ ಪಾಲಿಸಬೇಕಾದ ಸೂಚನೆ ಇದ್ದರೆ ಬರಹದಲ್ಲಿ ಕೊಡಬೇಕಾಗಿ ವಿನಂತಿ.’ ಆರೋಪ ಬೇಡ, ಕಾನೂನಿನ ಸೆಕ್ಷನ್ ಬೇಡ, ಸ್ವಾತಂತ್ರ್ಯದ ಉಪನ್ಯಾಸವೂ ಬೇಡ. ಇಷ್ಟಕ್ಕೇ ಸಮಾಧಾನವಾಗಿ ಮುಗಿಯುವ ಸಾಧ್ಯತೆ ಹೆಚ್ಚು, ಯಾಕೆಂದರೆ ‘ಈ ವಿಷಯ ಎತ್ತಬೇಡಿ’ ಎಂದು ಬರಹದಲ್ಲಿ ಕೊಡಲು ಯಾವ ಮುಖ್ಯಸ್ಥರೂ ಮುಂದಾಗುವುದಿಲ್ಲ.

ಮುಗಿಯದಿದ್ದರೆ ವಿದ್ಯಾರ್ಥಿ ಕುಂದುಕೊರತೆ ಸಮಿತಿ ಇದೆ. 2023ರ ಏಪ್ರಿಲ್‌ನ ಯುಜಿಸಿ ನಿಯಮಗಳ ಪ್ರಕಾರ ಪ್ರತಿ ಸಂಸ್ಥೆಯಲ್ಲೂ ಅದು ಇರಲೇಬೇಕು, ಪಿಎಚ್.ಡಿ. ಮಾಡುವವರೂ ಅಲ್ಲಿ ವಿದ್ಯಾರ್ಥಿಗಳೇ. ವಿದ್ಯಾರ್ಥಿಯ ಮೇಲೆ ಹಗೆ ಸಾಧಿಸುವುದು, ವಿದ್ಯಾರ್ಥಿವೇತನ ತಡಮಾಡುವುದು, ಸಂಸ್ಥೆಯ ನಿಯಮಕ್ಕೆ ವಿರುದ್ಧವಾಗಿ ನಡೆದುಕೊಳ್ಳುವುದು ಎಲ್ಲವೂ ಅದರ ವ್ಯಾಪ್ತಿಗೆ ಬರುತ್ತವೆ. ಸಮಿತಿ 15 ಕೆಲಸದ ದಿನಗಳಲ್ಲಿ ವರದಿ ಕೊಡಬೇಕು. ಅದು ಒಪ್ಪಿಗೆಯಾಗದಿದ್ದರೆ ನಿರ್ಧಾರ ಕೈಗೆ ಬಂದ 15 ದಿನಗಳೊಳಗೆ ಓಂಬುಡ್ಸ್‌ಪರ್ಸನ್ (ಇಂಥ ಮೇಲ್ಮನವಿ ಕೇಳುವ ಅಧಿಕಾರಿ) ಬಳಿ ಮೇಲ್ಮನವಿ ಹಾಕಬಹುದು, ಈ ಗಡುವು ತಪ್ಪಿಸಬೇಡಿ. ದೂರಿನ ಪ್ರತಿ, ಸಲಹಾ ಸಮಿತಿಯ ಮಿನಿಟ್ಸ್ ಕೊಡದೆ ಸತಾಯಿಸಿದರೆ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, 30 ದಿನದಲ್ಲಿ ಉತ್ತರ ಬರಬೇಕು.

ಇಮೇಲನ್ನು ಈ ವಾರವೇ ಕಳಿಸಿ, ಎಸ್.ಆರ್.ಎಫ್. ಸಮಿತಿ ಕೂರುವ ಮೊದಲು ಅದು ದಾಖಲಾಗಿರಲಿ. ಕಳಿಸುವ ಮುನ್ನ ಗೈಡ್‌ಗೆ ಒಂದು ಫೋನ್ ಮಾಡಿ, ‘ಸರ್, ಹೀಗೊಂದು ಪತ್ರ ಕಳಿಸುತ್ತಿದ್ದೇನೆ’ ಎಂದು ತಿಳಿಸಿಬಿಡಿ. ಅವರಿಗೂ ಮೇಲಿನಿಂದ ಒತ್ತಡ ಇದ್ದಿರಬಹುದು. ನಿಮ್ಮ ಪತ್ರ ತೋರಿಸಿ ‘ಹುಡುಗಿ ಬರಹದಲ್ಲಿ ಕೇಳಿದ್ದಾಳೆ, ನಾನೇನು ಮಾಡಲಿ’ ಎನ್ನಲು ಅವರಿಗೂ ಒಂದು ದಾರಿಯಾಗುತ್ತದೆ.